ಹೊಲಿಗೆ ಬಿಡದೆ ಬೆನ್ನುನೋವು ಇಳಿಸಿಕೊಂಡ ನನ್ನ ಅನುಭವ

ದಿನಕ್ಕೆ ಎಂಟು-ಹತ್ತು ಗಂಟೆ ಮಿಷನ್ ಮುಂದೆ ಕೂರುವ ಟೈಲರ್‌ಗಳಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಸೊಂಟದ ಬೆಲ್ಟು, ಬಿಸಿನೀರಿನ ಬ್ಯಾಗು, ಟ್ರ್ಯಾಕ್ಷನ್ (ತೂಕ ಕಟ್ಟಿ ಸೊಂಟ ಎಳೆಸುವುದು) ಎಲ್ಲ ನಿಮಗೆ ಗೊತ್ತಿರುವುದೇ. ನಾನು ಮಾಡಿದ್ದು ಉಸಿರನ್ನೂ ಮೈಯ ಬಿಗಿಯನ್ನೂ ಗಮನಿಸುತ್ತ ನೋವಿನ ಭಯ ಬಿಡಿಸಿಕೊಳ್ಳುವ ಅಭ್ಯಾಸ. "ಸುಮ್ನೆ ಉಸಿರು ನೋಡ್ಕೊಂಡು ಕೂತ್ರೆ ಬೆನ್ನು ಸರಿ ಹೋಗುತ್ತಾ?" ಎಂದು ನಕ್ಕವರೇ ಈಗ ಅಂಗಡಿಗೆ ಬಂದು ಹೇಗೆ ಮಾಡಿದೆ ಎಂದು ಕೇಳುತ್ತಿದ್ದಾರೆ.

ಮೊದಲು ದುಡ್ಡಿನ ಮಾತು. ಆರೇಳು ವರ್ಷದಲ್ಲಿ 1.5 ಲಕ್ಷವಾದರೂ ಹೋಗಿರಬೇಕು. ಎಂಆರ್‌ಐಗೆ ಏಳೆಂಟು ಸಾವಿರ, ಬೆನ್ನಿಗೆ ಹಾಕಿಸಿದ ಇಂಜೆಕ್ಷನ್‌ಗಳಿಗೆ 30 ಸಾವಿರದ ಹತ್ತಿರ, ಗಟ್ಟಿ ಹಾಸಿಗೆಗೆ 18 ಸಾವಿರ. ಇಂಜೆಕ್ಷನ್ ಗುಣ ಒಂದೆರಡು ತಿಂಗಳು ಉಳಿಯಿತು. ಹಾಸಿಗೆ ಈಗ ಅಮ್ಮನ ಕೋಣೆಯಲ್ಲಿದೆ. ಎಣ್ಣೆ ತಿಕ್ಕಿಸಿಕೊಂಡ ದಿನ ಹಾಯೆನಿಸುತ್ತಿತ್ತು, ಮಾರನೇ ದಿನ ಮತ್ತೆ ಅದೇ. ಇದಕ್ಕಿಂತ ದೊಡ್ಡ ನಷ್ಟ ಕೈಬಿಟ್ಟ ಕೆಲಸದ್ದು. ಒಂದು ಮದುವೆ ಸೀಸನ್‌ನಲ್ಲಿ ಬ್ಲೌಸ್‌ಗಳನ್ನು ವಾಪಸ್ ಕಳಿಸಿದ್ದಕ್ಕೇ ಸುಮಾರು 40 ಸಾವಿರ ಹೋಯಿತು. ಗಿರಾಕಿ ಒಮ್ಮೆ ಬೇರೆಯವರ ಕೈಗೆ ಒಗ್ಗಿಕೊಂಡರೆ ತಿರುಗಿ ಬರುವುದು ಕಷ್ಟ, ಅಲ್ವಾ?

ರಿಪೋರ್ಟಿನಲ್ಲಿ ಎಲ್4-ಎಲ್5 ಡಿಸ್ಕ್, ಅಂದರೆ ಸೊಂಟದ ಕೆಳಗಿನ ಎರಡು ಮೂಳೆಗಳ ನಡುವಿನ ಮೆತ್ತೆ, ಉಬ್ಬಿದೆ ಎಂದಿತ್ತು. ಆ ಒಂದು ಸಾಲು ನನ್ನನ್ನು ಕಟ್ಟಿಹಾಕಿತು. ಬಗ್ಗಲು ಭಯ, ಬಕೆಟ್ ಎತ್ತಲು ಭಯ. ಫಿಸಿಯೋಥೆರಪಿ ಓದುತ್ತಿದ್ದ ಮಗಳು ಹೇಳಿದಳು: "ಅಪ್ಪಾ, ಐವತ್ತರ ಹೊತ್ತಿಗೆ ನೋವೇ ಇಲ್ಲದವರಲ್ಲೂ ನೂರಕ್ಕೆ 80 ಜನರ ಡಿಸ್ಕ್ ಸವೆದಿರುತ್ತೆ." ಅಮೆರಿಕದ ಕೊಲರಾಡೊದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನೂ ಓದಿ ತಿಳಿಸಿದಳು. 151 ಜನ, ಮೂರು ಗುಂಪು. ನೋವಿನ ಭಯ ಬಿಡಿಸುವ ಅಭ್ಯಾಸವನ್ನು ನಾಲ್ಕು ವಾರ ಮಾಡಿದವರಲ್ಲಿ ನೂರಕ್ಕೆ 66 ಜನರಿಗೆ ನೋವು ಪೂರ್ತಿ ಹೋಗಿತ್ತು, ಇಲ್ಲವೇ ಹೋದಷ್ಟೇ ಆಗಿತ್ತು. ಔಷಧವಿಲ್ಲದ ಬರೀ ಉಪ್ಪುನೀರಿನ ಇಂಜೆಕ್ಷನ್ ಪಡೆದವರಲ್ಲಿ 20, ಮಾಮೂಲಿ ಚಿಕಿತ್ಸೆಯವರಲ್ಲಿ 10.

ಈ ಬಗೆಯ ಅಭ್ಯಾಸ ಶುರುಮಾಡುವ ಮುಂಚೆ ಡಾಕ್ಟರಿಗೆ ತೋರಿಸಿ, ನರಕ್ಕೆ ಪೆಟ್ಟಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಕಾಲು ಸೋಲುವುದು, ತೊಡೆಸಂದು ಜೋಮು ಹಿಡಿಯುವುದು, ಮೂತ್ರ ತಡೆಯಲು ಆಗದಿರುವುದು ಇದ್ದರೆ ಇದನ್ನು ಓದುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ನನಗೆ ದಾರಿ ತೋರಿಸಿದ್ದು ಬಾಬಿನ್ ಕೇಸು, ಅಂದರೆ ಮಿಷನ್ನಿನ ಕೆಳದಾರದ ಉರುಳೆ ಕೂರುವ ಪುಟ್ಟ ಡಬ್ಬಿ. ಕೆಳಗೆ ಬಿದ್ದಾಗಲೆಲ್ಲ ಹುಡುಗನನ್ನು ಕರೆದು ಎತ್ತಿಸುತ್ತಿದ್ದೆ. ಆಮೇಲೆ ಬೇಕೆಂದೇ ಬೀಳಿಸಿ ನಾನೇ ಬಗ್ಗತೊಡಗಿದೆ. ಬಗ್ಗುವಾಗ ಗಮನಿಸಿದರೆ ಹಲ್ಲು ಕಚ್ಚಿದ್ದೆ, ಉಸಿರು ನಿಂತಿತ್ತು, ಟೇಬಲ್ ಅಂಚು ಹಿಡಿದ ಎಡಗೈ ಬೆರಳು ಬೆಳ್ಳಗಾಗಿದ್ದವು. ನೋವು ಇನ್ನೂ ಬಂದೇ ಇರಲಿಲ್ಲ, ಮೈ ಆಗಲೇ ಬಿಗಿದುಕೊಂಡಿತ್ತು! ದಾರದ ಟೆನ್ಷನ್ ಜಾಸ್ತಿಯಾಗಿ ಬಟ್ಟೆ ಸುಕ್ಕಾದರೆ ನಾವು ಬಟ್ಟೆ ಬದಲಿಸುತ್ತೇವಾ? ಟೆನ್ಷನ್ ಸಡಿಲಿಸುತ್ತೇವೆ. ಬೆನ್ನಿಗೂ ಅದನ್ನೇ ಮಾಡಿದೆ. ಬಾಯಿ ಸಡಿಲ, ಉಸಿರು ಹೊರಗೆ ಬಿಡುತ್ತ ಅರ್ಧ ಬಗ್ಗುವುದು. ನೋವು ಬಂದರೆ ಅಲ್ಲೇ ನಿಂತು, ಬಿಸಿಯೋ ಬಿಗಿಯೋ, ಹರಡುತ್ತಿದೆಯೋ ನಿಂತಿದೆಯೋ ಎಂದು ನೋಡುವುದು. ಹೋಗಲಿ ಎಂದು ಹಟ ಹಿಡಿಯುವ ಹಾಗಿಲ್ಲ. "ಪೆಟ್ಟಾಗಿಲ್ಲ, ಏನೂ ಆಗಲ್ಲ" ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುವುದು. ಪೆಡಲ್ ಮೇಲೆ ಕಾಲಿಟ್ಟಾಗಲೂ ಇದೇ ಕ್ರಮ.

ಮೊದಲ ತಿಂಗಳು ಏನೂ ಆಗಲಿಲ್ಲ, ಒಂದು ವಾರವಂತೂ ಹೆಚ್ಚೇ ಆಯಿತು. ಭಾಮೈದ "ಬಿಟ್ಟುಬಿಡು ಭಾವ" ಎಂದ. ನಾನು ಬಿಡಲಿಲ್ಲ. ಆರ್ಡರ್ ಪುಸ್ತಕದ ಅಂಚಿನಲ್ಲಿ ಅವತ್ತಿನ ನೋವಿಗೆ ಹತ್ತಕ್ಕೆ ಇಷ್ಟು ಎಂದು ಬರೆಯತೊಡಗಿದೆ. ಅಲ್ಲಿ ಸಿಕ್ಕಿದ್ದು ಚಿನ್ನದಂಥ ವಿಷಯ. ಶಾಲೆ ಯೂನಿಫಾರ್ಮ್ ರಾಶಿ ಹೊಲಿದ ದಿನ ನೋವು ಮೂರು-ನಾಲ್ಕು. ಎರಡೇ ಬ್ಲೌಸ್ ಹೊಲಿದರೂ ಡೆಲಿವರಿ ತಪ್ಪಿ ಗಿರಾಕಿ ಕೂಗಾಡಿದ ದಿನ, ಬಾಡಿಗೆ ಕಟ್ಟುವ ವಾರ, ಏಳು-ಎಂಟು! ಕೂತ ಗಂಟೆಗೂ ನೋವಿಗೂ ತಾಳೆಯೇ ಇಲ್ಲ. ಆಮೇಲೆ ಡೆಲಿವರಿ ದಿನಾಂಕವನ್ನೇ ಎರಡು ದಿನ ಮುಂದಕ್ಕೆ ಹಾಕಿ ಹೇಳತೊಡಗಿದೆ. ಇಷ್ಟಕ್ಕೇ ಬೆನ್ನು ಅರ್ಧ ಹಗುರಾಯಿತು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ನಿಂತು ಕಟಿಂಗ್ ಮಾಡುವ ಟೇಬಲ್ಲನ್ನು ನಾಲ್ಕು ಇಂಚು ಎತ್ತರಿಸಿದ್ದು ಕುತ್ತಿಗೆಗೆ ಒಳ್ಳೆಯದಾಯಿತು, ಸೊಂಟಕ್ಕೆ ಅಷ್ಟಕ್ಕಷ್ಟೇ. ಬೆಂಗಳೂರು ಹತ್ತಿರದ ಜಿಗಣಿಯ ಪ್ರಶಾಂತಿ ಕುಟೀರ ಎಂಬ ಯೋಗ ಕೇಂದ್ರದಲ್ಲಿ ಬೆನ್ನುನೋವಿನವರಿಗೆ ಏಳು ದಿನ ಯೋಗ ಮಾಡಿಸಿ ನೋಡಿದ ಅಧ್ಯಯನ 2008ರಲ್ಲಿ ಬಂದಿತ್ತು. ಬರೀ ವ್ಯಾಯಾಮ ಮಾಡಿದವರಿಗಿಂತ ಯೋಗ ಮಾಡಿದವರಿಗೆ ಜಾಸ್ತಿ ಗುಣ ಕಂಡಿತ್ತು. ಅಂಗಡಿ ಮುಚ್ಚಿ ಹೋಗಿರಲು ನನಗಾಗಲಿಲ್ಲ. ಮಧ್ಯಾಹ್ನ ಊಟದ ಮೇಲೆ ಕಟಿಂಗ್ ಟೇಬಲ್ ಕೆಳಗೆ ಚಾಪೆ ಹಾಸಿ ಶವಾಸನ, ಸಂಜೆ ಭ್ರಾಮರಿ (ದುಂಬಿಯ ಹಾಗೆ ಗುಂಯ್‌ಗುಡುತ್ತ ಉಸಿರು ಬಿಡುವ ಪ್ರಾಣಾಯಾಮ), ಇವೆರಡನ್ನು ಹಿಡಿದುಕೊಂಡೆ. ರಾತ್ರಿ ಮಲಗುವ ಮುಂಚಿನ ಉಸಿರಿನ ಕ್ರಮ ಒಂದಿದೆ, ಅದು ನನ್ನದೇ. ಎದುರು ಕೂತವರಿಗೆ ಮಾತ್ರ ಹೇಳಿಕೊಡುತ್ತೇನೆ.

ಐದಾರು ತಿಂಗಳಿಗೆ ನೋವು ಒಂದು-ಎರಡಕ್ಕೆ ಇಳಿಯಿತು. ಕಳೆದ ದೀಪಾವಳಿಗೆ ಒಂದು ಆರ್ಡರ್ ಕೂಡ ವಾಪಸ್ ಕಳಿಸಲಿಲ್ಲ. ನಮ್ಮ ಬೀದಿಯಲ್ಲಿ ಅಷ್ಟು ಹೊಲಿದವರು ಬೇರೆ ಯಾರೂ ಇಲ್ಲ. ಈಗಲೂ ಆಗೊಮ್ಮೆ ಈಗೊಮ್ಮೆ ಹಿಡಿಯುತ್ತದೆ, ಒಂದು ದಿನದಲ್ಲಿ ಬಿಡುತ್ತದೆ. ಭಾಮೈದನೂ ಈಗ ಶುರುಮಾಡಿದ್ದಾನೆ. ಬಗ್ಗುವುದನ್ನು ಆಮೇಲೆ ನೋಡೋಣ, ಮೊದಲು ಆರ್ಡರ್ ಪುಸ್ತಕದಲ್ಲಿ ನೋವು ಬರೆದಿಡು ಎಂದಿದ್ದೇನೆ.