ಎಡಿಎಚ್‌ಡಿ ಇರುವ ಮಗುವಿನ ಪ್ಲಾನರ್ ಖಾಲಿ ಉಳಿಯುತ್ತಿದ್ದಾಗ

ದಿನದ ಕೆಲಸಗಳನ್ನು ಬರೆದುಕೊಳ್ಳಲು ಹೊಸ ಪ್ಲಾನರ್ ಪುಸ್ತಕ ಕೊಟ್ಟರೂ ಕೆಲವೇ ದಿನಗಳಲ್ಲಿ ಪುಟಗಳು ಖಾಲಿ ಉಳಿಯತೊಡಗಿದವು. ಕಾರಣ ಸೋಮಾರಿತನ ಅಲ್ಲವೇ ಅಲ್ಲ. ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಇರುವ ಮಕ್ಕಳಿಗೆ ಮಾಡಬೇಕಾದದ್ದನ್ನು ನೆನಪಿನಲ್ಲಿ ಹಿಡಿದಿಟ್ಟುಕೊಳ್ಳುವುದೂ, ಎಷ್ಟು ಹೊತ್ತಾಯಿತೆಂದು ಅಂದಾಜಿಸುವುದೂ ಕಷ್ಟ. ಬ್ಯಾಗಿನೊಳಗೆ ಮುಚ್ಚಿಟ್ಟ ಪುಸ್ತಕ ಅವರ ಪಾಲಿಗೆ ಇಲ್ಲದಂತೆಯೇ.

ಸರಿಹೋದದ್ದು ಹೀಗೆ: ದಿನಕ್ಕೊಂದು ಎ4 ಹಾಳೆ, ಓದುವ ಮೇಜಿನೆದುರು ಮಗುವಿನ ಕಣ್ಣಿನ ಎತ್ತರಕ್ಕೆ ಅಂಟಿಸಿದ್ದು. ಅದರಲ್ಲಿ 5 ಕೆಲಸಕ್ಕಿಂತ ಹೆಚ್ಚಿಲ್ಲ. ‘ಗಣಿತ ಹೋಂವರ್ಕ್’ ಎಂದು ಬರೆದರೆ ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಮಗು ಕೂತುಬಿಡುತ್ತದೆ. ‘ಪುಟ 42, ಲೆಕ್ಕ 1ರಿಂದ 4’ ಎಂದಿದ್ದರೆ ಪೆನ್ಸಿಲ್ ಕೈಗೆತ್ತಿಕೊಳ್ಳುತ್ತದೆ. 15 ನಿಮಿಷ ಕೆಲಸ, 5 ನಿಮಿಷ ಬಿಡುವು. ಟೈಮರ್ ಕಣ್ಣಿಗೆ ಕಾಣುವಂತಿರಲಿ, ಮೊಬೈಲಿನದ್ದು ಮಾತ್ರ ಬೇಡ. ಮುಗಿಸಿದ ಕೂಡಲೇ ಮಗುವೇ ಟಿಕ್ ಹಾಕಬೇಕು, ಮೆಚ್ಚುಗೆಯ ಮಾತೂ ಆಗಲೇ ಬರಬೇಕು. ಭಾನುವಾರ ಸಿಗುವ ಬಹುಮಾನ ಈ ಮಕ್ಕಳಿಗೆ ತೀರಾ ದೂರ.

ಶಾಲೆಯಲ್ಲಿ ಹೋಂವರ್ಕ್ ಬರೆದುಕೊಳ್ಳದೆ ಬರುವುದು ಇನ್ನೊಂದು ತೊಡಕು. ಕೊನೆಯ ಪೀರಿಯಡ್‌ನಲ್ಲಿ ಡೈರಿ ನೋಡಿ ಸಹಿ ಹಾಕುವಂತೆ ಟೀಚರನ್ನು ಕೇಳಿಕೊಳ್ಳಿ.

ಕೆಲಸ ಮುಗಿಸಿ ಬಹುಮಾನವಾಗಿ ಗಳಿಸಿದ ಸ್ಟಾರನ್ನು ತಪ್ಪಿಗಾಗಿ ಕಿತ್ತುಕೊಳ್ಳಬೇಡಿ. ಆಮೇಲೆ ಮಗು ಹಾಳೆಯತ್ತ ತಿರುಗಿಯೂ ನೋಡುವುದಿಲ್ಲ. ಆಸಕ್ತಿ ತಗ್ಗಿದಾಗ ಬಣ್ಣ ಬದಲಿಸಿ, ಬಹುಮಾನ ಬದಲಿಸಿ. ಹಾಳೆಯ ಜಾಗ ಮಾತ್ರ ಅಲ್ಲೇ ಇರಲಿ.