36 ಅಥವಾ 41: ಡೇಟ್‌ಜಸ್ಟ್ ಸೈಜು ಆರಿಸಿಕೊಂಡ ನನ್ನ ಅನುಭವ

ರೋಲೆಕ್ಸ್ ಕಂಪನಿಯ ಡೇಟ್‌ಜಸ್ಟ್ ಕೊಳ್ಳಬೇಕು ಅನ್ನುವುದರ ಬಗ್ಗೆ ನನಗೆ ಯಾವತ್ತೂ ಅನುಮಾನ ಇರಲಿಲ್ಲ. ಹದಿನೈದು ವರ್ಷದಿಂದ ಮನಸ್ಸಿನಲ್ಲಿದ್ದ ವಾಚು ಅದು. ಆದರೆ 36 ಮಿಲಿಮೀಟರ್ ಅಗಲದ್ದೋ 41ರದೋ ಅನ್ನುವುದು ಬಗೆಹರಿಯಲು ನಾಲ್ಕು ತಿಂಗಳು ಹಿಡಿಯಿತು. ಕೊನೆಗೆ 36 ತೆಗೆದುಕೊಂಡೆ. ಒಂದೂವರೆ ವರ್ಷದಿಂದ ದಿನವೂ ಕಟ್ಟುತ್ತಿದ್ದೇನೆ. ಇದೇ ಗೊಂದಲದಲ್ಲಿರುವವರಿಗೆ ಉಪಯೋಗವಾಗಲಿ ಅಂತ, ನಾನು ಏನೇನು ಅಳೆದೆ, ಎಲ್ಲಿ ಎಡವಿದೆ ಅನ್ನುವುದನ್ನು ಬರೆಯುತ್ತಿದ್ದೇನೆ.

ಸೈಜಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಇದೆ. ಹತ್ತು ವರ್ಷದ ಹಿಂದೆ 44 ಮಿಲಿಮೀಟರಿನ ಬೇರೊಂದು ವಾಚು ಕೊಂಡಿದ್ದೆ. ಅಂಗಡಿಯ ಬೆಳಕಿನಲ್ಲಿ ಬಹಳ ಚೆನ್ನಾಗಿ ಕಂಡಿತ್ತು. ಮನೆಗೆ ತಂದ ಮೇಲೆ ನೋಡಿದರೆ, ಅಂಗಿಯ ತೋಳಿನ ಗುಂಡಿ ಹಾಕಲು ಆಗುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ, ಮೇಜಿನ ಅಂಚಿಗೆ ತಗಲುತ್ತಿತ್ತು. ಮೊದಲು ವಾರಕ್ಕೆರಡು ದಿನ ಕಟ್ಟಿದೆ, ಆಮೇಲೆ ತಿಂಗಳಿಗೊಮ್ಮೆ, ಕೊನೆಗೆ ಅದು ಡ್ರಾಯರ್ ಸೇರಿತು. ವಾಚಿನಲ್ಲಿ ಏನೂ ದೋಷ ಇರಲಿಲ್ಲ. ನನ್ನ ಕೈಗೆ ಹೊಂದಲಿಲ್ಲ, ಅಷ್ಟೇ. ಅದಕ್ಕೇ ಈ ಸಲ ಆತುರ ಬೇಡ ಅಂದುಕೊಂಡಿದ್ದೆ.

ಮೊದಲು ಎರಡೂ ಸೈಜು ಎಲ್ಲಿಂದ ಬಂದವು ಅಂತ ತಿಳಿದುಕೊಂಡೆ. ರೋಲೆಕ್ಸ್ ಡೇಟ್‌ಜಸ್ಟನ್ನು ತಂದದ್ದು 1945ರಲ್ಲಿ, ಕಂಪನಿಗೆ 40 ವರ್ಷ ತುಂಬಿದಾಗ. ತಾನಾಗಿಯೇ ಕೀಲಿ ತುಂಬಿಕೊಳ್ಳುವ, ಡಯಲ್‌ನ ಕಿಟಕಿಯಲ್ಲಿ ತಾರೀಖು ತೋರಿಸುವ ಮೊದಲ ಕ್ರೊನೋಮೀಟರ್ (ನಿಖರತೆಯ ಪರೀಕ್ಷೆ ಪಾಸಾದ) ಕೈಗಡಿಯಾರ ಅದು. ಅಳತೆ 36 ಮಿಲಿಮೀಟರ್. ಆ ಕಾಲದ ಗಂಡಸರ ವಾಚುಗಳ ಮಧ್ಯೆ ಅದು ದೊಡ್ಡದೇ. 1956ರಲ್ಲಿ ಬಂದ ಅದೇ ಕಂಪನಿಯ ಇನ್ನೊಂದು ವಾಚು ಡೇ-ಡೇಟ್ ಕೂಡ 36. ಅಂದರೆ ಅರವತ್ತು ವರ್ಷಕ್ಕೂ ಜಾಸ್ತಿ ಕಾಲ ಗಂಡಸರ ಡೇಟ್‌ಜಸ್ಟ್ ಅಂದರೆ 36 ಅಂತಲೇ ಲೆಕ್ಕ. ದೊಡ್ಡ ವಾಚುಗಳ ಗಾಳಿ ಜೋರಾಗಿದ್ದಾಗ, 2009ರಲ್ಲಿ, 41ರ ಡೇಟ್‌ಜಸ್ಟ್ II ಬಂತು. ಅದು ಸ್ವಲ್ಪ ದಪ್ಪ ದಪ್ಪ ಅನ್ನಿಸುತ್ತಿತ್ತು. 2016ರಲ್ಲಿ ಅದರ ಬದಲಿಗೆ ಈಗಿನ ಡೇಟ್‌ಜಸ್ಟ್ 41 ಬಂತು. ಬೆಜೆಲ್, ಅಂದರೆ ಡಯಲಿನ ಸುತ್ತಲಿನ ಲೋಹದ ಬಳೆ, ತೆಳುವಾಯಿತು, ಒಟ್ಟು ಆಕಾರ ಹದಕ್ಕೆ ಬಂತು.

ಇದನ್ನು ತಿಳಿದುಕೊಂಡಿದ್ದು ಸುಮ್ನೆ ಹೋಗಲಿಲ್ಲ. '36 ಈಗ ಹೆಂಗಸರ ಸೈಜು' ಅಂತ ಇಬ್ಬರು ಮೂವರು ಹೇಳಿದ್ದು ತಲೆಯಲ್ಲಿ ಕೂತಿತ್ತು. ಆ ಮಾತಿಗೆ ಬುಡವಿಲ್ಲ ಅಂತ ಗೊತ್ತಾಯಿತು. ಅದೇ ಕಂಪನಿ ಎಕ್ಸ್‌ಪ್ಲೋರರ್ ಅನ್ನುವ ತನ್ನ ಇನ್ನೊಂದು ವಾಚನ್ನು 2010ರಲ್ಲಿ 39ಕ್ಕೆ ಏರಿಸಿ, 2021ರಲ್ಲಿ ವಾಪಸ್ 36ಕ್ಕೆ ತಂದಿತು. 2023ರಲ್ಲಿ ಅದರ ಪಕ್ಕದಲ್ಲಿ 40ರದನ್ನೂ ಇಟ್ಟಿತು. ಕಾಲದ ಒಲವು ಹೀಗೆ ಹತ್ತಿ ಇಳಿಯುತ್ತಿದ್ದರೆ, ಅದನ್ನು ನೋಡಿಕೊಂಡು ಇಪ್ಪತ್ತು ವರ್ಷ ಕಟ್ಟುವ ವಾಚು ಆರಿಸಲು ಆಗುವುದಿಲ್ಲ ಅಲ್ವಾ?

ಇನ್ನೊಂದು ಅನುಮಾನವೂ ಇತ್ತು. ದೊಡ್ಡದರಲ್ಲಿ ಒಳಗಿನ ಯಂತ್ರ ಉತ್ತಮ ಇರಬಹುದು ಅಂದುಕೊಂಡಿದ್ದೆ. ಇಲ್ಲ. ಎರಡರಲ್ಲೂ ಈಗ ಇರುವುದು ಒಂದೇ ಯಂತ್ರ, 3235 ಕ್ಯಾಲಿಬರ್ ಅನ್ನುತ್ತಾರೆ. ಕೀಲಿ ತುಂಬಿದ ಮೇಲೆ ಬಿಚ್ಚಿಟ್ಟರೆ ಸುಮಾರು 70 ಗಂಟೆ ಓಡುತ್ತದೆ. ದಿನಕ್ಕೆ ಎರಡು ಸೆಕೆಂಡು ಹಿಂದೆ ಮುಂದೆ, ಅಷ್ಟರೊಳಗೆ ಇರುತ್ತದೆ ಅಂತ ಕಂಪನಿಯ ಮಾತು. ನೀರು ತಡೆಯುವುದೂ ಎರಡೂ 100 ಮೀಟರ್ ಆಳದವರೆಗೆ. ಹಾಗಾಗಿ ಪ್ರಶ್ನೆ ಪೂರ್ತಿಯಾಗಿ ನನ್ನ ಕೈ ಮತ್ತು ಕಣ್ಣಿನದೇ ಆಯಿತು.

ಅಂಗಡಿಗೆ ಮೊದಲ ಸಲ ಹೋದಾಗ ದೊಡ್ಡ ತಪ್ಪು ಮಾಡಿದೆ. ಅಲ್ಲಿ 36ರಲ್ಲಿ ಇದ್ದದ್ದು ಕಪ್ಪು ಡಯಲ್, ನುಣುಪಾದ ಬೆಜೆಲ್. 41ರಲ್ಲಿ ಇದ್ದದ್ದು ಬೆಳ್ಳಿ ಬಣ್ಣದ ಡಯಲ್, ಗೀರುಗೀರಾದ ಬೆಜೆಲ್. ಎರಡನ್ನೂ ಒಂದಾದ ಮೇಲೊಂದು ಕಟ್ಟಿ ನೋಡಿದೆ. 36 ತೀರಾ ಚಿಕ್ಕದು, 41 ಭರ್ಜರಿ ಅನ್ನಿಸಿತು. 41 ಅಂತ ಮನಸ್ಸು ಮಾಡಿಕೊಂಡೇ ಮನೆಗೆ ಬಂದೆ. ಆಮೇಲೆ ಯೋಚಿಸಿದಾಗ ಹೊಳೆಯಿತು, ನಾನು ಸೈಜನ್ನು ಹೋಲಿಸಲೇ ಇಲ್ಲ. ತಿಳಿ ಬಣ್ಣದ ಡಯಲ್ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಕಪ್ಪು ಕುಗ್ಗಿದ ಹಾಗೆ ಕಾಣುತ್ತದೆ. ಗೀರಿನ ಬೆಜೆಲ್ ಬೆಳಕು ಚಿಮ್ಮಿಸುತ್ತದೆ, ಕಣ್ಣು ಅಂಚಿನವರೆಗೂ ಹೋಗುತ್ತದೆ. ಆ ವ್ಯತ್ಯಾಸವನ್ನೆಲ್ಲ ನಾನು ಸೈಜಿನ ಖಾತೆಗೆ ಬರೆದುಕೊಂಡಿದ್ದೆ.

ಚೈನಿನ ವಿಷಯವೂ ಅಷ್ಟೇ. ತೋರಿಸಲು ಇಟ್ಟ ವಾಚಿನ ಚೈನು ಎಲ್ಲರ ಕೈಗೂ ಆಗುವಷ್ಟು ಸಡಿಲ ಇರುತ್ತದೆ. ಕೈ ಎತ್ತಿದರೆ ವಾಚು ಜಾರಿ ಒಂದು ಪಕ್ಕಕ್ಕೆ ವಾಲುತ್ತದೆ. ವಾಲಿದ ವಾಚು ದೊಡ್ಡದಾಗಿ, ಭಾರವಾಗಿ ಕಾಣುತ್ತದೆ. ಎರಡನೇ ಸಲ ಹೋದಾಗ ಎರಡೂ ಸೈಜಿನಲ್ಲಿ ಒಂದೇ ಡಯಲ್, ಒಂದೇ ಬೆಜೆಲ್ ಬೇಕು ಅಂತ ಮೊದಲೇ ಹೇಳಿಟ್ಟಿದ್ದೆ. ಕಟ್ಟಿದ ಮೇಲೆ ಕೈಯ ಕೆಳಗಡೆ ಮಿಕ್ಕ ಚೈನನ್ನು ಚಿವುಟಿ ಹಿಡಿದುಕೊಂಡು ನೋಡಿದೆ. ಆಗ ಸಿಕ್ಕಿದ್ದೇ ಸರಿಯಾದ ಚಿತ್ರ.

ಇನ್ನು ಅಳತೆ. ಎಲ್ಲರೂ ಮಣಿಕಟ್ಟಿನ ಸುತ್ತಳತೆ ಹೇಳುತ್ತಾರೆ. ನನ್ನದು 16.3 ಸೆಂಟಿಮೀಟರ್. ಆದರೆ ಆ ಒಂದು ಸಂಖ್ಯೆಯಿಂದ ಜಾಸ್ತಿ ಏನೂ ಗೊತ್ತಾಗುವುದಿಲ್ಲ. ಒಂದೇ ಸುತ್ತಳತೆಯ ಎರಡು ಕೈಗಳಲ್ಲಿ ಒಂದು ಹಲಗೆಯ ಹಾಗೆ ಚಪ್ಪಟೆ ಇರಬಹುದು, ಇನ್ನೊಂದು ಕೊಳವೆಯ ಹಾಗೆ ದುಂಡಗೆ ಇರಬಹುದು. ನಾನು ಅಳೆದದ್ದು ಹೀಗೆ. ಅಂಗೈ ಕೆಳಗೆ ಮಾಡಿ ಕೈಯನ್ನು ಮೇಜಿನ ಮೇಲೆ ಇಟ್ಟೆ. ವಾಚು ಕೂರುವ ಜಾಗದ ಮೇಲೆ ಒಂದು ಸ್ಕೇಲನ್ನು ಅಡ್ಡವಾಗಿ ಇಟ್ಟೆ. ಸ್ಕೇಲು ಚರ್ಮಕ್ಕೆ ಅಂಟಿಕೊಂಡಿರುವುದು ಎಲ್ಲಿಂದ ಎಲ್ಲಿವರೆಗೆ, ಎಲ್ಲಿ ಕೈ ಕೆಳಕ್ಕೆ ಇಳಿಯಲು ಶುರು ಮಾಡುತ್ತದೆ ಅಂತ ಎರಡು ಕಡೆ ಪೆನ್ನಿನಿಂದ ಗುರುತು ಹಾಕಿದೆ. ಕೈಯ ಪೂರ್ತಿ ಅಗಲ 52 ಮಿಲಿಮೀಟರ್. ಸಮತಟ್ಟಾದ ಭಾಗ ಮಾತ್ರ 45.

ಈ 45 ನನಗೆ ಮುಖ್ಯವಾಯಿತು. ಯಾಕೆಂದರೆ ವಾಚು ಕೈಮೇಲೆ ಹಿಡಿಯುವ ಉದ್ದ ಅದರ ಡಯಲಿನ ಅಗಲದಿಂದ ಬರುವುದಿಲ್ಲ. ಚೈನು ಸೇರುವ ನಾಲ್ಕು ಕಾಲುಗಳಿವೆಯಲ್ಲ, ಲಗ್ ಅನ್ನುತ್ತಾರೆ, ಮೇಲಿನ ಲಗ್ಗಿನ ತುದಿಯಿಂದ ಕೆಳಗಿನ ಲಗ್ಗಿನ ತುದಿವರೆಗೆ ಇರುವ ಉದ್ದ ಅದು. 36ರಲ್ಲಿ ಇದು ಸುಮಾರು 43ರಿಂದ 44 ಮಿಲಿಮೀಟರ್. 41ರಲ್ಲಿ 47ರಿಂದ 48. ಲೆಕ್ಕದಲ್ಲಿ ಎರಡೂ ನನ್ನ 52ರ ಒಳಗೇ ಇವೆ. ಅದಕ್ಕೇ 'ನಿಮಗೆ 41 ಆರಾಮಾಗಿ ಆಗುತ್ತದೆ' ಅಂತ ಅಂಗಡಿಯವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ 41ರ ಲಗ್ಗು ನನ್ನ ಸಮತಟ್ಟು ಜಾಗ ದಾಟಿ, ಇಳಿಜಾರಿನ ಮೇಲೆ ಗಾಳಿಯಲ್ಲಿ ನಿಲ್ಲುತ್ತದೆ.

ಇದನ್ನು ನೋಡಲು ಒಂದು ಚೀಟಿ ಸಾಕು. ವಾಚು ಕಟ್ಟಿಕೊಂಡು, ಲಗ್ಗಿನ ತುದಿಯ ಕೆಳಗೆ ಮಡಚಿದ ಕಾಗದದ ಚೀಟಿ ತೂರಿಸಿ ನೋಡಿ. 36ರ ಕೆಳಗೆ ಚೀಟಿ ಹೋಗಲಿಲ್ಲ, ಚರ್ಮಕ್ಕೆ ತಗಲಿ ಮುದುರಿಕೊಂಡಿತು. 41ರ ಕೆಳಗೆ ನಾಲ್ಕು ಮಡಿಕೆಯ ಚೀಟಿ ಸಲೀಸಾಗಿ ಒಳಗೆ ಹೋಗಿ ಈಚೆ ಬಂತು. ಚೈನಿನ ಮೊದಲ ಕೊಂಡಿ ಕೂಡ ತಕ್ಷಣ ಕೆಳಗಿಳಿಯದೆ ಒಂದು ಕ್ಷಣ ಅಡ್ಡಡ್ಡ ಹೋಗಿ ಆಮೇಲೆ ಬಾಗುತ್ತಿತ್ತು. ಆ ಸಣ್ಣ ಸಂದು ಕಣ್ಣಿಗೆ ಬಿದ್ದ ಮೇಲೆ ನನಗೆ ಮತ್ತೆ ಅದನ್ನು ಮರೆಯಲು ಆಗಲಿಲ್ಲ.

5 ಮಿಲಿಮೀಟರ್ ಅಂದರೆ ಏನು ಮಹಾ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ನಾವು ನೋಡುವುದು ಒಂದು ಗೆರೆಯನ್ನಲ್ಲ, ಪೂರ್ತಿ ವೃತ್ತವನ್ನು. 41ರ ವೃತ್ತದ ಹರವು 36ರದಕ್ಕಿಂತ ಸುಮಾರು 30 ಪರ್ಸೆಂಟ್ ಜಾಸ್ತಿ. ಗಟ್ಟಿ ಕಾಗದದಲ್ಲಿ ಎರಡು ಬಿಲ್ಲೆ ಕತ್ತರಿಸಿ ಒಂದರ ಮೇಲೊಂದು ಇಟ್ಟಾಗ ಇದು ಚೆನ್ನಾಗಿ ಮನದಟ್ಟಾಯಿತು.

ಅಂಗಡಿಯಲ್ಲಿ ಹತ್ತು ನಿಮಿಷ ಕಟ್ಟಿ ನೋಡುವುದರಿಂದ ಗೊತ್ತಾಗದ ವಿಷಯಗಳು ಬೇರೆ ಇವೆ. ಈ ವಿಷಯದಲ್ಲಿ ನನ್ನ ಅದೃಷ್ಟ ಚೆನ್ನಾಗಿತ್ತು. ಅಣ್ಣನ ಹತ್ತಿರ 41 ಇತ್ತು. "ಒಂದು ವಾರ ಕಟ್ಕೊಂಡು ನೋಡೋ, ಆಮೇಲೆ ಮಾತಾಡೋಣ" ಅಂತ ಬಿಚ್ಚಿಕೊಟ್ಟುಬಿಟ್ಟ. ಮೊದಲ ಎರಡು ದಿನ ಬಹಳ ಖುಷಿ. ಡಯಲ್ ವಿಶಾಲ, ಟೈಮು ಒಂದೇ ನೋಟಕ್ಕೆ ಸಿಗುತ್ತದೆ. ಮೂರನೇ ದಿನದಿಂದ ಕೈ ಮಾತಾಡಲು ಶುರು ಮಾಡಿತು. ನಾನು ದಿನವಿಡೀ ಕೀಬೋರ್ಡ್ ಮುಂದೆ ಕೂರುವವನು. ಮುಂಗೈ ಮೇಲಕ್ಕೆ ಬಾಗಿದಾಗಲೆಲ್ಲ ಕೀಲಿ ಕೊಡುವ ತಿರುಪು ಅಲ್ಲಿಗೆ ಒತ್ತುತ್ತಿತ್ತು. ಸಂಜೆ ವಾಚು ಬಿಚ್ಚಿದರೆ ಅಲ್ಲಿ ಕಡಲೆಕಾಳಿನಷ್ಟು ಕೆಂಪು ಗುರುತು. ತಿರುಪಿನ ಸುತ್ತ ಇರುವ ಹಲ್ಲುಗಳ ಅಚ್ಚು ಕೂಡ ಕಾಣುತ್ತಿತ್ತು. ವಾಚನ್ನು ಮೇಲಕ್ಕೆ, ಮುಂದೋಳಿನ ಕಡೆಗೆ ತಳ್ಳಿಕೊಂಡರೆ ಒತ್ತುವುದು ನಿಲ್ಲುತ್ತಿತ್ತು. ಐದು ನಿಮಿಷಕ್ಕೆ ಮತ್ತೆ ಜಾರಿ ಬರುತ್ತಿತ್ತು.

ಅದೇ ವಾರ ಮಗಳು ಒಂದು ಮಾತು ಹೇಳಿದಳು. "ಅಪ್ಪಾ, ಅದು ದೊಡ್ಡಪ್ಪನ ವಾಚು ಅಂತ ದೂರದಿಂದಲೇ ಗೊತ್ತಾಗುತ್ತೆ." ಅಣ್ಣನ ಮಣಿಕಟ್ಟು 18.5 ಸೆಂಟಿಮೀಟರ್, ಮೇಲ್ಭಾಗ ಅಗಲ, ಚಪ್ಪಟೆ. ಅವನ ಕೈಮೇಲೆ ಅದೇ 41 ಹುಟ್ಟಿನಿಂದ ಅಲ್ಲೇ ಇದ್ದ ಹಾಗೆ ಕೂರುತ್ತದೆ. 41 ಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅಣ್ಣನಂಥ ಕೈ ಇದ್ದಿದ್ದರೆ ನಾನೂ ಅದನ್ನೇ ತೆಗೆದುಕೊಳ್ಳುತ್ತಿದ್ದೆನೇನೋ.

36ನ್ನು ಹಾಗೆ ವಾರಗಟ್ಟಲೆ ಕಟ್ಟಿ ನೋಡಲು ಸಿಗಲಿಲ್ಲ. ಸಹೋದ್ಯೋಗಿಯೊಬ್ಬರ ಹತ್ತಿರ ಹಳೆಯ 36 ಇತ್ತು, ಎರಡು ದಿನಕ್ಕೆ ಕೇಳಿ ತಂದೆ. ಹಳೆಯದರ ಚೈನು ಈಗಿನದಕ್ಕಿಂತ ಹಗುರ, ಆ ವ್ಯತ್ಯಾಸ ಮನಸ್ಸಿನಲ್ಲಿ ಇಟ್ಟುಕೊಂಡೇ ನೋಡಿದೆ. ಮೊದಲ ದಿನ ಬೆಳಗ್ಗೆ ಚಿಕ್ಕದು ಅನ್ನಿಸಿದ್ದು ನಿಜ. ಆದರೆ ಅದು ಅಣ್ಣನ ವಾಚಿಗೆ ಹೊಂದಿಕೊಂಡಿದ್ದ ಕಣ್ಣು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಸೈಜಿನ ಯೋಚನೆಯೇ ಬರಲಿಲ್ಲ. ಟೈಮು ನೋಡುತ್ತಿದ್ದೆ, ಕೆಲಸ ಮಾಡುತ್ತಿದ್ದೆ. ತೋಳಿನ ಗುಂಡಿ ತಾನಾಗಿ ವಾಚಿನ ಮೇಲೆ ಜಾರುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ 41 ನಿಜಕ್ಕೂ ಮೇಲು. ನನಗೆ ಹತ್ತಿರದ ಕಣ್ಣು ಮಂಜಾಗಲು ಶುರುವಾಗಿದೆ. ತಾರೀಖಿನ ಮೇಲೆ ಇರುವ ಸೈಕ್ಲಾಪ್ಸ್ ಗಾಜು ಎರಡೂ ಸೈಜಿನಲ್ಲಿದೆ, ಅಂಕಿಯನ್ನು ಎರಡೂವರೆ ಪಟ್ಟು ದೊಡ್ಡದು ಮಾಡುತ್ತದೆ. ಹಾಗಿದ್ದರೂ ಮಬ್ಬು ಬೆಳಕಿನಲ್ಲಿ 36ರ ತಾರೀಖು ಓದಲು ಕೈಯನ್ನು ಸ್ವಲ್ಪ ಆಚೆ ಹಿಡಿಯಬೇಕು. ಮುಳ್ಳುಗಳು ಚೆನ್ನಾಗಿ ಕಾಣುತ್ತವೆ, ಅದರಲ್ಲಿ ತೊಂದರೆ ಇಲ್ಲ. ಆದರೂ ಕಣ್ಣಿನ ತೊಂದರೆ ಜಾಸ್ತಿ ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಮೊಬೈಲ್ ಫೋಟೋ ನಂಬಿ ಯಾರೂ ಸೈಜು ತೀರ್ಮಾನಿಸಬೇಡಿ. ಮಣಿಕಟ್ಟಿನ ಹತ್ತಿರ ಕ್ಯಾಮೆರಾ ಹಿಡಿದರೆ ಹತ್ತಿರ ಇರುವ ವಾಚು ಉಬ್ಬುತ್ತದೆ, ಹಿಂದಿನ ತೋಳು ಕುಗ್ಗುತ್ತದೆ. 36 ಕೂಡ ಫೋಟೋದಲ್ಲಿ ತಟ್ಟೆಯ ಹಾಗೆ ಕಂಡಿತು. ನಾವು ಬಗ್ಗಿ ನೋಡುವ ನೋಟವೂ ಸ್ವಲ್ಪ ಹಾಗೇ. ಬೇರೆಯವರು ನಮ್ಮನ್ನು ನೋಡುವುದು ಐದಾರು ಅಡಿ ದೂರದಿಂದ, ಇಡೀ ಮೈಯ ಜೊತೆಗೆ. ನಾನು ಪೂರ್ತಿ ಎತ್ತರದ ಕನ್ನಡಿ ಮುಂದೆ ಕೈ ಇಳಿಬಿಟ್ಟು ನಿಂತು ನೋಡಿದೆ. ಆ ದೂರದಿಂದ 36 ಅಂಗಿಯ ತೋಳಿನ ಜೊತೆ ಸೇರಿಕೊಂಡಿತ್ತು. 41 ಮೊದಲು ಕಣ್ಣಿಗೆ ಬೀಳುತ್ತಿತ್ತು. ಅದೇ ಬೇಕು ಅನ್ನುವವರೂ ಇದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ.

ಸೈಜು ತೀರ್ಮಾನವಾದ ಮೇಲೆ ಉಳಿದದ್ದು ಬೇಗ ಮುಗಿಯಿತು. 36 ಸ್ವಲ್ಪ ಚಿಕ್ಕದಾಯಿತೇನೋ ಅನ್ನುವ ಅಳುಕು ಇರುವವರಿಗೆ ತಿಳಿ ಬಣ್ಣದ ಡಯಲ್, ಗೀರಿನ ಬೆಜೆಲ್ ಒಳ್ಳೆಯ ದಾರಿ. ನಾನು ತೆಗೆದುಕೊಂಡದ್ದೂ ಅದೇ, ಬೆಳ್ಳಿ ಬಣ್ಣದ ಡಯಲ್. ಸ್ಟೀಲ್ ವಾಚಾದರೂ ಆ ಗೀರಿನ ಬೆಜೆಲ್ ಬಿಳಿ ಚಿನ್ನದ್ದು. ಚೈನು ಜೂಬಿಲಿ, 1945ರಲ್ಲಿ ಡೇಟ್‌ಜಸ್ಟ್ ಜೊತೆಗೇ ಹುಟ್ಟಿದ ಐದು ಸಾಲಿನ ಚೈನು. ಸಣ್ಣ ಸಣ್ಣ ಕೊಂಡಿಗಳು ಕೈಯ ದುಂಡಿಗೆ ಚೆನ್ನಾಗಿ ಬಾಗುತ್ತವೆ. ಮೂರು ಸಾಲಿನ ಆಯಿಸ್ಟರ್ ಚೈನು ಇನ್ನಷ್ಟು ಗಟ್ಟಿಮುಟ್ಟಾಗಿ ಕಾಣುತ್ತದೆ, ಆದರೆ ದುಂಡನೆಯ ಕೈಗೆ ನನ್ನ ಓಟು ಜೂಬಿಲಿಗೇ.

ಚೈನು ಕೂರಿಸುವುದನ್ನು ಮಾತ್ರ ಅವಸರದಲ್ಲಿ ಮುಗಿಸಬೇಡಿ. ಸರಿಯಾದ ಸೈಜಿನ ವಾಚು ಕೂಡ ತಪ್ಪು ಚೈನಿನಲ್ಲಿ ದೊಡ್ಡದಾಗಿ ನಡೆದುಕೊಳ್ಳುತ್ತದೆ. ಮೊದಲ ಸಲ ಎರಡೂ ಕಡೆಯಿಂದ ಸಮ ಸಮ ಕೊಂಡಿ ತೆಗೆದರು. ಬೀಗದ ಭಾಗ ಮಣಿಕಟ್ಟಿನ ಮಧ್ಯಕ್ಕೆ ಬರದೆ ಪಕ್ಕಕ್ಕೆ ಸರಿದಿತ್ತು, ವಾಚು ಹೊರಗಡೆಗೆ ವಾಲುತ್ತಿತ್ತು. ಮತ್ತೆ ಹೋಗಿ ಹನ್ನೆರಡರ ಕಡೆಗೆ ಒಂದು ಕೊಂಡಿ ವಾಪಸ್ ಹಾಕಿಸಿ, ಆರರ ಕಡೆಯಿಂದ ಇನ್ನೊಂದು ತೆಗೆಸಿದೆ. ಈಗ ಡಯಲ್ ಮಧ್ಯದಲ್ಲಿ ನಿಲ್ಲುತ್ತದೆ. ಸೆಕೆಗೆ ಕೈ ಊದಿಕೊಂಡಾಗ ಬೀಗದೊಳಗಿನ ಈಸಿಲಿಂಕ್ ಅನ್ನುವ ಮಡಚುವ ಕೊಂಡಿ ಬಿಡಿಸುತ್ತೇನೆ, 5 ಮಿಲಿಮೀಟರ್ ಸಡಿಲವಾಗುತ್ತದೆ. ಸಂಜೆ ತಂಪಾದ ಮೇಲೆ ಮತ್ತೆ ಮಡಚುತ್ತೇನೆ. ತೆಗೆಸಿದ ಕೊಂಡಿಗಳನ್ನು ವಾಚಿನ ಪೆಟ್ಟಿಗೆಯಲ್ಲೇ, ಒಂದು ಪುಟ್ಟ ಚೀಲದಲ್ಲಿ ಹಾಕಿ ಇಟ್ಟಿದ್ದೇನೆ.