ಎಂಜಿನ್ ಬ್ಲಾಕ್ ಹೀಟರ್‌ನ ವೈರು: ಬದಲಿಸಿದ ಬಗೆ, ಪರೀಕ್ಷಿಸಿದ ಬಗೆ

ಉಷ್ಣಾಂಶ ಸೊನ್ನೆಗಿಂತ 25–30 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವ ಪ್ರದೇಶಗಳಲ್ಲಿ ಎಂಜಿನ್ ಆಯಿಲ್ ಮಂದವಾಗುತ್ತದೆ, ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ಡೀಸೆಲ್ ಎಂಜಿನ್ ಆದರೆ ಇಂಧನ ಹೊತ್ತಿಕೊಳ್ಳುವಷ್ಟು ಶಾಖವೇ ಸಿಲಿಂಡರಿನಲ್ಲಿ ಹುಟ್ಟುವುದಿಲ್ಲ. ಬ್ಲಾಕ್ ಹೀಟರ್ ಎಂಬ ಸಣ್ಣ ಉಪಕರಣ ಎಂಜಿನ್ನಿನೊಳಗಿನ ಕೂಲೆಂಟ್ ದ್ರವವನ್ನು ಬಿಸಿ ಮಾಡಿ ಈ ಕಷ್ಟವನ್ನು ತಪ್ಪಿಸುತ್ತದೆ. ಹೀಟರ್ ಲೋಹದ ಗೋಡೆಯೊಳಗೆ ಸುರಕ್ಷಿತವಾಗಿ ಕುಳಿತಿರುವುದರಿಂದ ಅದು ಕೆಡುವುದು ಅಪರೂಪ. ಬಹುಪಾಲು ಕೆಡುವುದು ಅದಕ್ಕೆ ವಿದ್ಯುತ್ ಒಯ್ಯುವ ವೈರು, ಏಕೆಂದರೆ ಚಳಿ, ರಸ್ತೆಗೆ ಸುರಿಯುವ ಉಪ್ಪು, ಎಂಜಿನ್ನಿನ ಕಂಪನ, ದಿನವೂ ಚುಚ್ಚಿ ಕೀಳುವ ಕೈಗಳ ಒರಟುತನ ಎಲ್ಲವನ್ನೂ ತಾಳಿಕೊಳ್ಳಬೇಕಾದುದು ಅದೇ.

ನನ್ನ ಪಿಕಪ್ ವಾಹನದಲ್ಲಿ ತೊಂದರೆ ಕಾಣಿಸಿಕೊಂಡಾಗ ಹೀಟರನ್ನು ಶಂಕಿಸುವ ಮೊದಲು ವೈರನ್ನು ನೋಡಿದೆ. ಪ್ಲಗ್ ಚುಚ್ಚಿದ ಸ್ವಲ್ಪ ಹೊತ್ತಿಗೆ ಬಾನೆಟ್ ಬಳಿ ಕಿವಿಯಿಟ್ಟರೆ ನೀರು ಕಾಯುವಾಗಿನಂಥ ಸಣ್ಣ ಸಿಂಯ್ ಸದ್ದು ಕೇಳಿಸುವುದು ವಾಡಿಕೆ, ಅದು ಕೇಳಿಸುತ್ತಿರಲಿಲ್ಲ. ಗ್ರಿಲ್‌ನ ಹಿಂದೆ ತೂಗುವ ಪ್ಲಗ್‌ನ ಒಂದು ಪಿನ್ನಿನ ಬುಡ ಕಂದು ಬಣ್ಣಕ್ಕೆ ತಿರುಗಿತ್ತು, ಸುತ್ತಲಿನ ಪ್ಲಾಸ್ಟಿಕ್ ತುಸು ಕರಗಿ ಸೊಟ್ಟಗಾಗಿತ್ತು. ಈ ಗುರುತನ್ನು ಯಾರೂ ಹಗುರವಾಗಿ ಕಾಣಬಾರದು. ನನ್ನದು 120 ವೋಲ್ಟ್ ಪೂರೈಕೆಗೆ ಮಾಡಿದ 1000 ವಾಟ್‌ನ ಹೀಟರ್. ಅದು ಎಳೆಯುವ ಕರೆಂಟು ಸುಮಾರು 8.3 ಆಂಪಿಯರ್. ಪಿನ್ನಿನ ಸಂಪರ್ಕ ಸಡಿಲವಾಗಿ ಅಲ್ಲಿ ಒಂದೇ ಒಂದು ಓಮ್‌ನಷ್ಟು ರೋಧ ಸೇರಿಕೊಂಡರೂ ಆ ಚಿಕ್ಕ ಜಾಗದಲ್ಲಿ 60 ವಾಟ್‌ಗೂ ಹೆಚ್ಚು ಶಾಖ ಹುಟ್ಟುತ್ತದೆ. ಹೀಟರ್ ಆಗಲೂ ಕೆಲಸ ಮಾಡುತ್ತಲೇ ಇರುತ್ತದೆ, ವಾಹನ ಬೆಳಿಗ್ಗೆ ಸ್ಟಾರ್ಟ್ ಆಗುತ್ತಲೇ ಇರುತ್ತದೆ, ಆದರೆ ರಾತ್ರಿಯಿಡೀ ಪ್ಲಾಸ್ಟಿಕ್ ಬೇಯುತ್ತಿರುತ್ತದೆ. ಆದ್ದರಿಂದ ವೈರು ಕೆಲಸ ಮಾಡುತ್ತಿದೆ ಎಂಬುದು ವೈರು ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಎಂಜಿನ್ ಪೂರ್ತಿ ತಣ್ಣಗಿರುವಾಗ, ಪ್ಲಗ್ಗನ್ನು ಗೋಡೆಯ ಸಾಕೆಟ್‌ನಿಂದ ಕಿತ್ತಿಟ್ಟು ಕೆಲಸ ಆರಂಭಿಸಿದೆ. ಮೊದಲು ಹಳೆಯ ವೈರು ಸಾಗಿದ ದಾರಿಯನ್ನು ಟಾರ್ಚ್ ಹಿಡಿದು ನೋಡಿ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡೆ. ಹೀಟರ್ ಇರುವುದು ಬ್ಲಾಕಿನ, ಅಂದರೆ ಎಂಜಿನ್ನಿನ ಎರಕದ ಲೋಹದ ಮೈಯ, ಪಕ್ಕದಲ್ಲಿ, ಎರಕದ ಕಾಲದಲ್ಲಿ ಉಳಿಯುವ ದುಂಡು ರಂಧ್ರಗಳ ಪೈಕಿ ಒಂದರಲ್ಲಿ. ಅಲ್ಲಿಗೆ ಕೈ ಹೋಗುವುದೇ ಪ್ರಯಾಸ. ನನ್ನ ವಾಹನದಲ್ಲಿ ಚಕ್ರದ ಒಳಗಿನ ಪ್ಲಾಸ್ಟಿಕ್ ಮರೆಯನ್ನು ಬಿಚ್ಚಿದ ಮೇಲಷ್ಟೇ ಅದು ಎಟುಕಿತು. ವೈರಿನ ತುದಿಯನ್ನು ಒಂದು ತಂತಿಯ ಕ್ಲಿಪ್ ಹಿಡಿದಿಟ್ಟಿರುತ್ತದೆ. ಕ್ಲಿಪ್ ಸರಿಸಿ, ತುದಿಯನ್ನು ತಿರುಚದೆ ನೇರವಾಗಿ ಹಿಂದಕ್ಕೆ ಎಳೆಯಬೇಕು. ತುಕ್ಕಿನಿಂದ ಕಚ್ಚಿಕೊಂಡಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಕಾಯುವುದೇ ಲೇಸು. ಅವಸರದಲ್ಲಿ ಹೀಟರ್‌ನ ಪಿನ್ ಮುರಿದರೆ ಕೂಲೆಂಟ್ ಬಸಿದು ಹೀಟರನ್ನೇ ಬದಲಿಸಬೇಕಾಗುತ್ತದೆ. ಅರ್ಧ ಗಂಟೆಯ ತಾಳ್ಮೆಯ ಮುಂದೆ ಅದು ಬಹಳ ದೊಡ್ಡ ಕೆಲಸ.

ವೈರು ಕಳಚಿದ ಕೂಡಲೇ ಹೀಟರ್‌ನ ಎರಡು ಪಿನ್ನುಗಳ ನಡುವೆ ಮಲ್ಟಿಮೀಟರ್ ಇಟ್ಟು ರೋಧ ಅಳೆದೆ. ಲೆಕ್ಕ ಸರಳ: ವೋಲ್ಟೇಜಿನ ವರ್ಗವನ್ನು ವಾಟ್‌ನಿಂದ ಭಾಗಿಸಬೇಕು. 120 ವೋಲ್ಟ್, 1000 ವಾಟ್‌ಗೆ 14.4 ಓಮ್ ಬರಬೇಕು. 750 ವಾಟ್ ಆದರೆ 19.2, 400 ವಾಟ್ ಆದರೆ 36. ಮೀಟರ್ ನನಗೆ ಈ ಲೆಕ್ಕಕ್ಕೆ ಹೊಂದುವ ಅಂಕಿಯನ್ನೇ ತೋರಿಸಿತು, ಪಿನ್ನಿನಿಂದ ಬ್ಲಾಕಿನ ಲೋಹಕ್ಕೆ ಅಳೆದಾಗ ಸಂಪರ್ಕವೇ ಇಲ್ಲವೆಂದಿತು. ಹೀಟರ್ ನಿರ್ದೋಷಿ ಎಂದು ಹೀಗೆ ಖಚಿತವಾಯಿತು. ಹಳೆಯ ವೈರನ್ನು ಮೇಜಿನ ಮೇಲೆ ಚಾಚಿ, ಮೀಟರ್ ಹಚ್ಚಿ, ಅಡಿಗಡಿಗೆ ಬಾಗಿಸುತ್ತ ಹೋದಾಗ ಒಂದು ಕಡೆ ಮೀಟರಿನ ಅಂಕಿ ಕುಣಿಯತೊಡಗಿತು. ಅಲ್ಲಿ ಹೊದಿಕೆ ಬಿರಿದು ಒಳಗಿನ ತಾಮ್ರ ಹಸಿರುಗಟ್ಟಿತ್ತು.

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಲೇಬೇಕು. ಕೆಲವು ಡೀಸೆಲ್ ವಾಹನಗಳ ವೈರಿನಲ್ಲೇ ಚಿಕ್ಕ ಥರ್ಮೋಸ್ಟಾಟ್ ಅಡಗಿರುತ್ತದೆ. ಸುತ್ತಲಿನ ಗಾಳಿ ಸುಮಾರು ಮೈನಸ್ 18 ಡಿಗ್ರಿಗೆ ಇಳಿಯುವವರೆಗೆ ಅದು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಬೆಚ್ಚನೆಯ ಗ್ಯಾರೇಜಿನಲ್ಲಿ ಅಳೆದವರಿಗೆ ವೈರು ಕಡಿದಿದೆ ಎಂದೇ ಕಾಣುತ್ತದೆ, ಒಳ್ಳೆಯ ವೈರು ಕಸದ ಬುಟ್ಟಿಗೆ ಹೋಗುತ್ತದೆ. ವೈರಿನ ನಡುವೆ ಅಥವಾ ಪ್ಲಗ್‌ನ ಬುಡದಲ್ಲಿ ಅಸಹಜವಾದ ಉಬ್ಬು ಕಂಡರೆ ಆ ಭಾಗವನ್ನು ಫ್ರೀಜರಿನಲ್ಲಿಟ್ಟು ಚೆನ್ನಾಗಿ ತಣಿಸಿ ಮತ್ತೆ ಅಳೆಯಬೇಕು. ಮನೆಯ ಫ್ರೀಜರಿನ ಚಳಿ ಈ ಮಟ್ಟದ ಅಂಚಿನಲ್ಲೇ ಇರುವುದರಿಂದ ಅದನ್ನು ಅತಿ ತಣ್ಣನೆಯ ಹಂತಕ್ಕೆ ತಿರುಗಿಸಿಡುವುದು ಒಳಿತು. ನನ್ನ ವೈರಿನಲ್ಲಿ ಅಂಥದ್ದಿರಲಿಲ್ಲ.

ಹೊಸ ವೈರನ್ನು ಆರಿಸುವಾಗ ಮೂರು ಸಂಗತಿಗಳನ್ನು ನೋಡಿದೆ: ಹೀಟರ್‌ಗೆ ಸೇರುವ ತುದಿಯ ಆಕಾರ, ಹೊರಬಲ್ಲ ವಾಟ್, ಹೊದಿಕೆಯ ಗುಣ. ಮೂರನೆಯದನ್ನು ಜನ ಅಲಕ್ಷಿಸುತ್ತಾರೆ. ಸಾಮಾನ್ಯ ಪಿವಿಸಿ ಹೊದಿಕೆ ಕಡು ಚಳಿಯಲ್ಲಿ ಕಡ್ಡಿಯಂತೆ ಸೆಟೆದು, ಬಾಗಿಸಿದಾಗ ಬಿರಿಯುತ್ತದೆ. ಚಳಿಗೆಂದೇ ಮಾಡಿದ ರಬ್ಬರ್ ಅಥವಾ ಸಿಲಿಕೋನ್ ಹೊದಿಕೆ ಮೆತ್ತಗೇ ಉಳಿಯುತ್ತದೆ. ತುಂಡಾದ ಜಾಗವನ್ನು ಟೇಪು ಸುತ್ತಿ ಬೆಸೆಯುವುದನ್ನು ನಾನು ಒಪ್ಪುವುದಿಲ್ಲ. ನೀರು, ಉಪ್ಪು, ಕರೆಂಟು ಮೂರೂ ಕೂಡುವ ಕಡೆ ಟೇಪಿನ ಮೇಲೆ ಭರವಸೆಯಿಡಲಾಗದು.

ಜೋಡಿಸುವ ಮುನ್ನ ಹೀಟರ್‌ನ ಪಿನ್ನುಗಳನ್ನು ಒರೆಸಿ, ಹೊಸ ತುದಿಯ ಒಳಗೆ ಡೈಎಲೆಕ್ಟ್ರಿಕ್ (ವಿದ್ಯುತ್ ಹರಿಯಗೊಡದ) ಗ್ರೀಸ್ ತೆಳ್ಳಗೆ ಹಚ್ಚಿದೆ. ಅದು ತೇವವನ್ನು ದೂರವಿಡುತ್ತದೆ, ಮುಂದೊಮ್ಮೆ ಕಳಚುವುದನ್ನೂ ಸುಲಭಗೊಳಿಸುತ್ತದೆ. ತುದಿಯನ್ನು ಕೊನೆಯವರೆಗೆ ಒತ್ತಿ ಕ್ಲಿಪ್ ಕೂರಿಸಿದೆ. ವೈರನ್ನು ಹಾಯಿಸುವಾಗ ಎಕ್ಸಾಸ್ಟ್ ಕೊಳವೆ, ಫ್ಯಾನು, ಬೆಲ್ಟು, ಸ್ಟೀರಿಂಗ್ ದಂಡ ಇವುಗಳಿಂದ ದೂರವಿಟ್ಟು ಕೇಬಲ್ ಟೈಗಳಿಂದ ಕಟ್ಟಿದೆ. ಎಂಜಿನ್ ತನ್ನ ಮೌಂಟುಗಳ ಮೇಲೆ ಅಲುಗಾಡುತ್ತದೆ, ಆದರೆ ಪ್ಲಗ್ ತುದಿ ಅಲುಗದ ಗ್ರಿಲ್‌ಗೆ ಕಟ್ಟಿರುತ್ತದೆ. ಹಾಗಾಗಿ ಎಂಜಿನ್‌ನಿಂದ ವಾಹನದ ಮೈಗೆ ದಾಟುವ ಜಾಗದಲ್ಲಿ ವೈರಿಗೆ ಸಾಕಷ್ಟು ಸಡಿಲ ಬಿಡುವುದು ಅಗತ್ಯ. ಪ್ಲಗ್‌ನ ಬಾಯಿ ಕೆಳಮುಖವಾಗಿರುವಂತೆ ಕಟ್ಟಿ, ಮುಚ್ಚಳ ಹಾಕಿದೆ.

ಇನ್ನು ಪರೀಕ್ಷೆ. ಜೋಡಿಸುವುದಕ್ಕೂ ಮೊದಲೇ ವೈರಿನ ಮೂರೂ ಎಳೆಗಳನ್ನು ತುದಿಯಿಂದ ತುದಿಗೆ ಅಳೆದು ಅರ್ಧ ಓಮ್‌ಗಿಂತ ಕಡಿಮೆ ಇರುವುದನ್ನೂ, ಒಂದು ಎಳೆಗೆ ಇನ್ನೊಂದು ತಾಗದಿರುವುದನ್ನೂ ನೋಡಿಕೊಂಡಿದ್ದೆ. ಜೋಡಿಸಿದ ಮೇಲೆ ಪ್ಲಗ್‌ನ ಎರಡು ಚಪ್ಪಟೆ ಪಿನ್ನುಗಳ ನಡುವೆ ಮತ್ತೆ ಅದೇ 14 ಓಮ್ ಚಿಲ್ಲರೆ ಬಂತು. ಅರ್ತಿಂಗ್ ಪಿನ್ನಿನಿಂದ ಬ್ಲಾಕಿನ ಬಣ್ಣವಿಲ್ಲದ ಲೋಹಕ್ಕೆ ಅಳೆದಾಗ ಹೆಚ್ಚು ಕಡಿಮೆ ಸೊನ್ನೆ ಬರಬೇಕು. ಎಲ್ಲ ಅಳತೆಗಳಲ್ಲಿ ನಾನು ಅತಿ ಮುಖ್ಯವೆಂದು ಎಣಿಸುವುದು ಇದನ್ನೇ. ಹೊದಿಕೆ ಎಲ್ಲಿಯಾದರೂ ಹರಿದು ವಿದ್ಯುತ್ ಲೋಹಕ್ಕೆ ತಾಗಿದರೆ, ಹಿಮದ ಮೇಲೆ ಒದ್ದೆ ಬೂಟಿನಲ್ಲಿ ನಿಂತು ಬಾಗಿಲು ಮುಟ್ಟುವವರ ಜೀವ ಉಳಿಸುವುದು ಈ ಅರ್ತಿಂಗ್ ಎಳೆ.

ಮಲ್ಟಿಮೀಟರ್ ಅಳೆಯುವುದು ಅತ್ಯಲ್ಪ ಕರೆಂಟಿನಿಂದ. ಸಡಿಲ ಸಂಪರ್ಕ ಆ ಅಳತೆಯಲ್ಲಿ ಪಾಸಾಗಿಬಿಡಬಹುದು. ಆದ್ದರಿಂದ ಪೂರ್ಣ ಭಾರದಲ್ಲಿ ಪರೀಕ್ಷಿಸಿದೆ. ಬ್ಲಾಕಿನಲ್ಲಿ ಕೂಲೆಂಟ್ ತುಂಬಿರುವುದನ್ನು ಖಚಿತಪಡಿಸಿಕೊಂಡ ಮೇಲೆ, ಏಕೆಂದರೆ ದ್ರವವಿಲ್ಲದೆ ಉರಿಸಿದ ಹೀಟರ್ ಬಹುಬೇಗ ಸುಟ್ಟುಹೋಗುತ್ತದೆ, ಸೋರಿಕೆ ಕರೆಂಟನ್ನು ಕಂಡೊಡನೆ ಕಡಿದುಬಿಡುವ ರಕ್ಷಣಾ ಸಾಕೆಟ್‌ಗೆ ವಾಟ್ ತೋರಿಸುವ ಮೀಟರ್ ಹಾಕಿ, ಅದರ ಮೂಲಕ ಹೀಟರನ್ನು ಚಾಲೂ ಮಾಡಿದೆ. ಅಂಕಿ 1000ಕ್ಕಿಂತ ತುಸು ಕೆಳಗೆ ನಿಂತಿತು. ವೋಲ್ಟೇಜ್ 120ರ ಬದಲು 110 ಇದ್ದರೆ ಇದೇ ಹೀಟರ್ 840 ವಾಟ್ ಮಾತ್ರ ಎಳೆಯುತ್ತದೆ, ಆದ್ದರಿಂದ ಸಣ್ಣ ಕೊರತೆಗೆ ಗಾಬರಿ ಬೇಡ. ಅರ್ಧ ಗಂಟೆ ಕಳೆದ ಬಳಿಕ ಪ್ಲಗ್ ಕಿತ್ತು, ಒಡನೆಯೇ ಪಿನ್ನುಗಳನ್ನೂ ಸಾಕೆಟ್‌ನಿಂದ ವಾಹನದವರೆಗೆ ಎಳೆದ ಎಕ್ಸ್‌ಟೆನ್ಷನ್ ವೈರಿನ ಬಾಯನ್ನೂ ಮುಟ್ಟಿ ನೋಡಿದೆ. ತುಸು ಬೆಚ್ಚಗಿದ್ದರೆ ಅಡ್ಡಿಯಿಲ್ಲ, ಬೆರಳು ಹಿಂತೆಗೆಯುವಷ್ಟು ಬಿಸಿಯಿದ್ದರೆ ಆ ಜೋಡಣೆಯನ್ನು ಬಳಸಲೇಬಾರದು. ನನ್ನಲ್ಲಿ ಹೊಸ ಪ್ಲಗ್ ತಣ್ಣಗೇ ಇತ್ತು, ಹಳೆಯ ಎಕ್ಸ್‌ಟೆನ್ಷನ್ ವೈರಿನ ಬಾಯಿ ಬಿಸಿಯಾಗಿತ್ತು. ಹಳೆಯ ಪ್ಲಗ್ಗನ್ನು ಬೇಯಿಸಿದ್ದು ಅದೇ ಇರಬೇಕು. ಅದನ್ನು ತೆಗೆದುಹಾಕಿ, ಹೊರಾಂಗಣಕ್ಕೆಂದು ಮಾಡಿದ, ಮೂರು ಎಳೆಗಳ, 14 ಗೇಜ್ ದಪ್ಪದ ಇನ್ನೊಂದನ್ನು ತಂದು ಪರೀಕ್ಷೆಯನ್ನು ಮೊದಲಿನಿಂದ ಮಾಡಿದೆ. ಈ ಸಲ ಎರಡೂ ಕಡೆ ಬಿಸಿ ಇರಲಿಲ್ಲ.

ಈಗ ಟೈಮರ್ ಹಾಕಿ, ಹೊರಡುವ ಮೂರು ಗಂಟೆ ಮೊದಲು ಚಾಲೂ ಆಗುವಂತೆ ಮಾಡಿದ್ದೇನೆ. ಹತ್ತು ಗಂಟೆ ಉರಿಸಿದರೆ 10 ಯೂನಿಟ್, ಮೂರು ಗಂಟೆಗೆ 3 ಯೂನಿಟ್. ಎಂಜಿನ್ ಬೆಚ್ಚಗಾಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಳತೆಯ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ವಾಹನದ ಕಾಗದಪತ್ರಗಳ ಜೊತೆ ಇಟ್ಟಿದ್ದೇನೆ, ಮುಂದಿನ ಚಳಿಗೆ ಮೊದಲು ಮತ್ತೆ ಅಳೆದು ಹೋಲಿಸಿ ನೋಡುವುದಕ್ಕೆ.